ಬೆರಳು, ಮೂಳೆ, ಮಗ್ಗಿ: ನಮ್ಮ ಜಗಲಿ ಪಾಠದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಆಸುಪಾಸಿನ ಮಕ್ಕಳು ಸೇರುತ್ತಾರೆ. ಒಂದನೇ ತರಗತಿಯವರಿಂದ ಏಳನೇ ತರಗತಿಯವರ ತನಕ ಇದ್ದಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಮಕ್ಕಳು ನನ್ನನ್ನು ಟೀಚರಜ್ಜಿ ಅನ್ನುತ್ತಾರೆ. ಪಾಠಕ್ಕೆ ಫೀಸಿಲ್ಲ. ಲೆಕ್ಕದ ಜೊತೆ ನಮ್ಮ ಮೈಯೊಳಗೆ ಏನೇನಿದೆ ಅನ್ನುವುದನ್ನೂ ಹೇಳಿಕೊಡುತ್ತೇನೆ. ಮದುವೆ ಮನೆಯಲ್ಲಿ, ಸೊಸೈಟಿ ಸಾಲಿನಲ್ಲಿ, ಬಸ್ಸಿನಲ್ಲಿ ಅಪ್ಪ ಅಮ್ಮಂದಿರು ಕೇಳಿದ್ದನ್ನೇ ಕೇಳುತ್ತಾರೆ. ನಿಂತಲ್ಲಿ ಹೇಳಿದ್ದು ಅರ್ಧಕ್ಕೇ ಉಳಿಯುತ್ತದೆ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ.

ಲೆಕ್ಕದ ಪಾಠ ಅಂತ ಕಳಿಸಿದ್ರೆ ಮೂಳೆ ಎಣಿಸ್ಕೊಂಡು ಬರ್ತಾನಲ್ಲ ಟೀಚರ್, ಇದೆಂಥದು?

ಇದು ಶುರುವಾಗಿದ್ದು ನಮ್ಮ ಮನೆಯವರು ಬಿದ್ದ ಮೇಲೆ. ಜುಲೈ ತಿಂಗಳು, ಅಂಗಳವೆಲ್ಲ ಪಾಚಿ. ಕೊಟ್ಟಿಗೆಗೆ ಹೊರಟವರು ಜಾರಿ ಪಕ್ಕಕ್ಕೆ ಬಿದ್ದರು, ಏಳಲಾಗಲಿಲ್ಲ. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದು, ತೊಡೆಮೂಳೆಯ ಕತ್ತು ಮುರಿದಿದೆ, ಆಪರೇಷನ್ ಆಗಬೇಕು ಅಂದರು. ತೊಡೆಗೂ ಕತ್ತಿರುತ್ತದೆಯೇ ಅಂತ ಕೇಳಿದೆ. ಅಲ್ಲಿದ್ದವರೊಬ್ಬರು "ಅದೆಲ್ಲ ನಿಮಗೆ ಗೊತ್ತಾಗಲ್ಲ, ಸಹಿ ಹಾಕಿ" ಅಂದರು. ಆ ಮಾತು ಎದೆಗೆ ನಾಟಿತು. ಸಂಜೆ ರೌಂಡಿಗೆ ಬಂದ ಕಿರಿಯ ಡಾಕ್ಟರೊಬ್ಬರು ಮಾತ್ರ ಕೇಸ್ ಶೀಟಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ತೊಡೆಮೂಳೆ ನೇರ ಕೋಲಿನ ಹಾಗಿಲ್ಲ. ಮೇಲ್ತುದಿಯಲ್ಲಿ ಒಳಕ್ಕೆ ಬಾಗಿ, ಅದರ ತುದಿಯಲ್ಲಿ ಒಂದು ಗುಂಡು. ಆ ಗುಂಡು ಸೊಂಟದ ಮೂಳೆಯ ಗುಳಿಯಲ್ಲಿ ಕೂತು ತಿರುಗುತ್ತದೆ. ಬಾಗಿದ ಭಾಗವೇ ಕತ್ತು. ದೊಡ್ಡವರಲ್ಲಿ ಆ ಕತ್ತಿಗೂ ಮೂಳೆಯ ಕಾಂಡಕ್ಕೂ ನಡುವೆ ಸುಮಾರು 125ರಿಂದ 130 ಡಿಗ್ರಿ. ಗುಂಡಿಗೆ ರಕ್ತ ಹೋಗುವ ನಾಳಗಳಲ್ಲಿ ಹೆಚ್ಚಿನವು ಕತ್ತಿಗೆ ಅಂಟಿಕೊಂಡೇ ಹತ್ತುತ್ತವೆ. ಕತ್ತು ಮುರಿದು ಸರಿದರೆ ಆ ನಾಳಗಳೂ ಹರಿದುಹೋಗಬಹುದು, ರಕ್ತ ಸಿಗದೆ ಗುಂಡು ಸಾಯಬಹುದು. ಅದಕ್ಕೇ ವಯಸ್ಸಾದವರಿಗೆ ಎಷ್ಟೋ ಸಲ ಮೂಳೆ ಕೂಡಿಸುವುದು ಬಿಟ್ಟು ಲೋಹದ ಗುಂಡನ್ನೇ ಇಡುತ್ತಾರೆ.

ವಿಶಾಲಕೋನ ಅಂತ ಕಪ್ಪುಹಲಗೆ ಮೇಲೆ ಎಷ್ಟು ಸಾವಿರ ಸಲ ಬರೆದಿದ್ದೆನೋ. ಅಂಥದೊಂದು ನನ್ನ ಸೊಂಟದ ಎರಡೂ ಕಡೆ ಇದೆ ಅಂತ ಆವತ್ತು ಗೊತ್ತಾಯಿತು. ಗೊತ್ತಾದ ಮೇಲೆ ಸಹಿ ಹಾಕುವಾಗ ಕೈ ನಡುಗಲಿಲ್ಲ. ಮನೆಗೆ ಬಂದು ಪಿಯುಸಿ ಜೀವಶಾಸ್ತ್ರದ ಪುಸ್ತಕ ತರಿಸಿಕೊಂಡು ಓದತೊಡಗಿದೆ. ಓದಿದಷ್ಟೂ ಅದರಲ್ಲಿ ಲೆಕ್ಕವೇ ಸಿಕ್ಕಿತು: ಎಣಿಕೆ, ಕೋನ, ಪ್ರಮಾಣ, ಸರಾಸರಿ. ಮಗುವಿಗೆ ಮುಟ್ಟಿ ನೋಡಲು ಸಿಗುವ ಲೆಕ್ಕ ಅದರ ಮೈಯಲ್ಲೇ ಇರುವಾಗ ಪುಸ್ತಕದ ಸೇಬು, ಕಿತ್ತಳೆ ಯಾಕೆ ಎಣಿಸಬೇಕು?

ನಮ್ಮ ಹುಡುಗ ಇನ್ನೂ ಬೆರಳು ಎಣಿಸ್ತಾನೆ. ಬಿಡಿಸೋದು ಹೆಂಗೆ?

ಬಿಡಿಸಬೇಡಿ.

ಎರಡನೇ ತರಗತಿಯ ಹುಡುಗಿಯೊಬ್ಬಳು ಮೊದಲ ದಿನ ಬಂದು ಎರಡೂ ಕೈಯನ್ನು ಲಂಗದ ಮಡಿಕೆಯೊಳಗೆ ಹುದುಗಿಸಿಕೊಂಡು ಕೂತಿದ್ದಳು. ಎಂಟಕ್ಕೆ ಐದು ಕೂಡಿಸು ಅಂದೆ. ಮುಖ ನನ್ನ ಕಡೆ, ಕಣ್ಣು ಸೂರಿನ ಕಡೆ. ಲಂಗದೊಳಗೆ ಮಾತ್ರ ಇರುವೆ ಹರಿದಾಡಿದ ಹಾಗೆ ಸಣ್ಣ ಅಲುಗಾಟ. ಬೆರಳು ಎಣಿಸಿದ್ದಕ್ಕೆ ಎಲ್ಲೋ ಪೆಟ್ಟು ತಿಂದಿದ್ದಳು. ಬಚ್ಚಿಟ್ಟುಕೊಂಡು ಎಣಿಸುವುದರಲ್ಲೇ ಅವಳ ಅರ್ಧ ಬುದ್ಧಿ ಖರ್ಚಾಗುತ್ತಿತ್ತು.

"ಕೈ ಹೊರಗೆ ತೆಗಿ ಕೂಸೆ, ಅವು ಲೆಕ್ಕ ಮಾಡೋಕೇ ಇರೋದು" ಅಂದೆ. ಆಮೇಲೆ ಅವಳ ಅಜ್ಜಿ ಜಪ ಮಾಡುವುದನ್ನು ನೆನಪಿಸಿದೆ. ಅಜ್ಜಿ ಹೆಬ್ಬೆರಳನ್ನು ಬೆರಳಿನ ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತಾ ಹೋಗುತ್ತಾರಲ್ಲ, ಹಾಗೆ ಒಂದು ಬೆರಳಿಗೆ ಮೂರು ಭಾಗ. ನಾಲ್ಕು ಬೆರಳಿಗೆ ಎಷ್ಟು? ಹನ್ನೆರಡು. ಹೆಬ್ಬೆರಳನ್ನು ಒತ್ತಿ ನೋಡು, ಅದರಲ್ಲಿ ಎರಡೇ. ಕೂಡಿಸು. ಹದಿನಾಲ್ಕು. ಒಂದು ಕೈಯ ಬೆರಳುಗಳಲ್ಲಿರುವ ಮೂಳೆ ಅಷ್ಟೇ, 14. ನಾಲ್ಕು ಮೂರ್ಲ ಹನ್ನೆರಡು, ಹನ್ನೆರಡಕ್ಕೆ ಎರಡು ಹದಿನಾಲ್ಕು: ಗುಣಾಕಾರ, ಸಂಕಲನ, ಅಂಗರಚನೆ ಮೂರೂ ಅವಳ ಅಂಗೈಯಲ್ಲೇ ಆಯಿತು.

ಬೆರಳು ತಾನಾಗಿ ಬಿಡುತ್ತದೆ. ಎಂಟಕ್ಕೆ ಐದು ಅಂದಾಗ "ಎಂಟಕ್ಕೆ ಎರಡು ಹತ್ತು, ಇನ್ನು ಮೂರು" ಅಂತ ಒಡೆಯಲು ಬಂದ ದಿನ ಮಗು ತಾನೇ ಕೈ ಕೆಳಗಿಡುತ್ತದೆ. ನೀವು ಹೇಳಿಕೊಡಬೇಕಾದದ್ದು ಹತ್ತು ಮಾಡುವ ಈ ದಾರಿಯನ್ನು. ಆ ಹುಡುಗಿ ಈಗ ನಾಲ್ಕನೇ ತರಗತಿ. ಬೆರಳು ಬೇಕಾದಾಗ ಎಲ್ಲರ ಎದುರೇ ತೆಗೆಯುತ್ತಾಳೆ, ಬೇಡದಾಗ ತೆಗೆಯುವುದಿಲ್ಲ.

ಮಗ್ಗಿ ಬಾಯಿಪಾಠ ಈಗ ಹಳೇ ಕಾಲದ್ದಾಯ್ತಲ್ವಾ?

ನನಗೆ ಹಾಗನಿಸಿಲ್ಲ. "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು" ಅನ್ನುವ ರಾಗ ಕಿವಿಯಲ್ಲಿ ನಿಂತರೆ ದೊಡ್ಡ ಭಾಗಾಕಾರ ಮಾಡುವಾಗ ಮಗುವಿನ ತಲೆ ಬಿಡುವಾಗಿರುತ್ತದೆ. ಆದರೆ ರಾಗಕ್ಕೆ ಮೊದಲು ಅರ್ಥ ಕೂರಬೇಕು. ಅಡಿಕೆ ಹರಡಿ ಏಳು ಸಾಲು, ಸಾಲಿಗೆ ಎಂಟು ಜೋಡಿಸಿ. ಪಕ್ಕಕ್ಕೆ ಹೋಗಿ ನಿಂತು ನೋಡಿದರೆ ಅದೇ ಎಂಟು ಸಾಲು, ಸಾಲಿಗೆ ಏಳು. ಏಳೆಂಟ್ಲ ಬಂದರೆ ಎಂಟೇಳ್ಲ ಬೇರೆ ಕಲಿಯಬೇಕಿಲ್ಲ.

ಇದೊಂದು ತಿಳಿದರೆ ಹೊರೆ ಎಷ್ಟು ಇಳಿಯುತ್ತದೆ ನೋಡಿ. ಒಂದರಿಂದ ಹತ್ತರವರೆಗೆ ಮಗ್ಗಿಯಲ್ಲಿ ನೂರು ಲೆಕ್ಕ. ಹಿಂದೆಮುಂದೆ ಒಂದೇ ಅಂತಾದರೆ ಉಳಿಯುವುದು 55. ಒಂದು, ಎರಡು, ಐದು, ಹತ್ತರ ಮಗ್ಗಿ ಮಕ್ಕಳಿಗೆ ಸಲೀಸು, ತೆಗೆದುಬಿಡಿ. 21 ಉಳಿಯಿತು. ಒಂಬತ್ತರ ಮಗ್ಗಿಗೆ ಬೆರಳಿದೆ: ಹತ್ತೂ ಬೆರಳು ಬಿಡಿಸಿ, ಒಂಬತ್ತು ನಾಲ್ಕ್ಲ ಬೇಕಾದರೆ ಎಡಗಡೆಯಿಂದ ನಾಲ್ಕನೆಯದನ್ನು ಮಡಿಸಿ. ಎಡಕ್ಕೆ ಮೂರು, ಬಲಕ್ಕೆ ಆರು, 36. ಹಾಗೆ ನೋಡಿದರೆ ಕೂತು ಕಲಿಯಬೇಕಾದದ್ದು 15 ಮಾತ್ರ. ಆ ಹದಿನೈದನ್ನು ಒಂದು ಚೀಟಿಯಲ್ಲಿ ಬರೆದು ಬಚ್ಚಲುಮನೆ ಬಾಗಿಲಿಗೆ ಅಂಟಿಸಲು ಹೇಳುತ್ತೇನೆ.

206 ಮೂಳೆ ಹೆಸರು ಬಾಯಿಪಾಠ ಮಾಡಿಸ್ತೀರಾ?

ಇಲ್ಲ. ಲೆಕ್ಕ ಒಪ್ಪಿಸಲು ಹೇಳುತ್ತೇನೆ. ಅಡಿಕೆ ಮಂಡಿಯವರು ವರ್ಷದ ಕೊನೆಗೆ ಲೆಕ್ಕ ತಾಳೆ ನೋಡುತ್ತಾರಲ್ಲ, ಹಾಗೆ 206 ತಾಳೆಯಾಗಬೇಕು.

ಕೈಯಿಂದ ಶುರು. ಬೆರಳಲ್ಲಿ 14, ಅಂಗೈಯಲ್ಲಿ 5, ಮಣಿಕಟ್ಟಿನಲ್ಲಿ ಹರಳಿನಂಥ 8. ಒಟ್ಟು 27. ಮೊಣಕೈಯಿಂದ ಕೆಳಗೆ 2, ಮೇಲೆ 1. ಒಂದು ಕೈಗೆ 30. ಈಗ ಕಾಲು. ಕಾಲ್ಬೆರಳಲ್ಲೂ 14, ಅಂಗಾಲಲ್ಲಿ 5, ಆದರೆ ಹಿಮ್ಮಡಿಯ ಕಡೆ 7 ಮಾತ್ರ. ಒಟ್ಟು 26. ಇಲ್ಲಿ ಮಕ್ಕಳು "ಒಂದು ಕಮ್ಮಿ ಬಂತು ಟೀಚರಜ್ಜಿ" ಅಂತ ಕೂಗುತ್ತಾರೆ. ತಾಳಿ, ಮೇಲೆ ಹೋಗೋಣ. ಕಣಕಾಲಲ್ಲಿ 2, ತೊಡೆಯಲ್ಲಿ 1, ಕೈಯಲ್ಲಿ ಇಲ್ಲದ ಮಂಡಿಚಿಪ್ಪು 1. ಕೂಡಿಸಿದರೆ ಕಾಲಿಗೂ 30! ಪಾದದಲ್ಲಿ ಕಳೆದದ್ದು ಮಂಡಿಯಲ್ಲಿ ಸಿಕ್ಕಿತು. ಈ ಜಾಗಕ್ಕೆ ಬಂದಾಗ ಮಕ್ಕಳ ಮುಖ ನೋಡಬೇಕು ನೀವು. ತಮ್ಮ ತಮ್ಮ ಮಂಡಿಚಿಪ್ಪು ಹಿಡಿದು ಅಲುಗಾಡಿಸಿ ನೋಡುತ್ತಾರೆ. ಕಾಲು ಚಾಚಿ ಸಡಿಲ ಬಿಟ್ಟರೆ ಅದು ಅತ್ತಿತ್ತ ಸರಿಯುತ್ತದೆ.

ನಾಲ್ಕು ಮೂವತ್ಲ 120. ಹೆಗಲಿಗೆ ಮುಂದೆ ಎರಡು, ಬೆನ್ನ ಕಡೆ ಎರಡು, 4. ಸೊಂಟಕ್ಕೆ 2. ಆಯಿತು 126. ನಡುವಿನ ಭಾಗ: ತಲೆಬುರುಡೆ, ಮುಖ ಸೇರಿ 22, ಎರಡು ಕಿವಿಯೊಳಗೆ ಮೂರು ಮೂರರಂತೆ 6, ನಾಲಿಗೆಯ ಬುಡದಲ್ಲಿ 1, ಬೆನ್ನುಮೂಳೆ 26, ಪಕ್ಕೆಲುಬು 24, ಎದೆಮೂಳೆ 1. ಎಂಬತ್ತು. 126ಕ್ಕೆ 80 ಕೂಡಿಸಿದರೆ 206. ಎರಡು ಕೈ, ಎರಡು ಪಾದದ ತುದಿಯಲ್ಲೇ 106 ಇವೆ, ಅಂದರೆ ಮೈಯ ಮೂಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಕಿವಿಯೊಳಗಿನ ರಿಕಾಪು ಮೂಳೆ (ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ್ದು) ಮೂರು ಮಿಲಿಮೀಟರಿನಷ್ಟು. ಅಕ್ಕಿಕಾಳನ್ನು ಅರ್ಧ ಮುರಿದು ಅಂಗೈಯಲ್ಲಿಟ್ಟು ಇಷ್ಟೇ ಅಂತ ತೋರಿಸುತ್ತೇನೆ.

ಎಲ್ಲರಿಗೂ ಇಷ್ಟೇ ಇರಬೇಕು ಅಂತಿಲ್ಲ. ಕೆಲವರಿಗೆ ಒಂದು ಪಕ್ಕೆಲುಬು ಹೆಚ್ಚಿರುತ್ತದೆ, ಪಾದದಲ್ಲಿ ಸಣ್ಣದೊಂದು ಹೆಚ್ಚಿರುತ್ತದೆ. ಅದು ದೋಷವಲ್ಲ ಅಂತ ಮಕ್ಕಳಿಗೆ ಹೇಳಿ.

ಮಕ್ಕಳಿಗೆ ದೊಡ್ಡೋರಿಗಿಂತ ಮೂಳೆ ಜಾಸ್ತಿ ಅಂತಾರೆ, ಹೌದಾ?

ಹೌದು. ಹುಟ್ಟಿದ ಕೂಸಿಗೆ 270ರಿಂದ 300. ಬೆಳೆಯುತ್ತಾ ಕೂಡಿಕೊಳ್ಳುತ್ತವೆ. ಬಾಣಂತಿ ಮನೆಯಲ್ಲಿ ಎಣ್ಣೆ ಒತ್ತುವಾಗ ನೆತ್ತಿ ಮೆತ್ತಗೆ ಮಿಡಿಯುವುದು ಎಲ್ಲರಿಗೂ ಗೊತ್ತು. ಬುರುಡೆಯ ಹಾಳೆಗಳು ಇನ್ನೂ ಸೇರಿಲ್ಲದ ಜಾಗ ಅದು, ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಬೆನ್ನಿನಲ್ಲಿ ಮೊದಲು 33 ಮಣಿ. ಕೆಳಗಿನ ಐದು ಕೂಡಿ ಒಂದು, ತುದಿಯ ನಾಲ್ಕು ಕೂಡಿ ಒಂದು. 33ರಲ್ಲಿ 9 ಕಳೆದು 2 ಕೂಡಿಸಿ, 26. ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ಭಿನ್ನರಾಶಿ ಅಂದ್ರೆ ತಲೆಗೇ ಹೋಗಲ್ಲ ಅಂತಾಳೆ ಮಗಳು. ಏನ್ ಮಾಡೋದು?

ಅವಳಿಗೆ ಭಿನ್ನರಾಶಿ ಗೊತ್ತಿದೆ, ಹೆಸರು ಗೊತ್ತಿಲ್ಲ. ಕಾಲು, ಅರೆ, ಮುಕ್ಕಾಲು ಅನ್ನುವ ಮಾತು ನಮ್ಮ ಮನೆಗಳಲ್ಲಿ ದಿನಾ ಓಡಾಡುತ್ತವೆ. ನೀರುದೋಸೆಯನ್ನು ಕಾವಲಿಯ ಮೇಲೇ ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ ತಟ್ಟೆಗೆ ಹಾಕುತ್ತೀರಿ. ಅರ್ಧದ ಅರ್ಧ ಕಾಲು. ಬಿಡಿಸಿದರೆ ನಾಲ್ಕು ಭಾಗ ಕಾಣುತ್ತದೆ. ತಿನ್ನುವ ಮೊದಲು ಬಿಡಿಸಿ ನೋಡಲಿ.

ಆಮೇಲೆ ಹಲ್ಲು. ಹಾಲುಹಲ್ಲು 20, ಬಾಯಿಯ ಕಾಲುಭಾಗಕ್ಕೆ ಐದು. ದೊಡ್ಡ ಹಲ್ಲು 32, ಕಾಲುಭಾಗಕ್ಕೆ ಎಂಟು. ಏಳು ವರ್ಷದ ಹುಡುಗನಿಗೆ ಕನ್ನಡಿ ಕೊಟ್ಟು, ನಿನ್ನ ಹಾಲುಹಲ್ಲಿನಲ್ಲಿ ಎಷ್ಟು ಭಾಗ ಬಿದ್ದಿದೆ ಅಂತ ಕೇಳಿ. ಇಪ್ಪತ್ತರಲ್ಲಿ ನಾಲ್ಕು ಬಿದ್ದಿದ್ದರೆ ಐದರಲ್ಲೊಂದು ಭಾಗ. ಅವನು ಜನ್ಮದಲ್ಲಿ ಮರೆಯುವುದಿಲ್ಲ.

ಹಲ್ಲಿನ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಲೇಬೇಕು. 20 ಬಿದ್ದು 20 ಬರುತ್ತದೆ, ಉಳಿದ 12 ದವಡೆಹಲ್ಲು ಯಾವ ಹಾಲುಹಲ್ಲೂ ಬೀಳದೆ ಹಿಂದುಗಡೆ ಹೊಸದಾಗಿ ಹುಟ್ಟುತ್ತವೆ. ಅವುಗಳಲ್ಲಿ ಮೊದಲಿನವು ಬರುವುದು ಆರು ವರ್ಷದ ಆಸುಪಾಸಿನಲ್ಲಿ. ಏನೂ ಬಿದ್ದಿಲ್ಲವಲ್ಲ, ಹಾಗಾದರೆ ಇದೂ ಹಾಲುಹಲ್ಲೇ ಅಂತ ತಿಳಿದು ಹುಳುಕಾದರೂ ಸುಮ್ಮನಿರುತ್ತಾರೆ. ಅದು ಹೋದರೆ ಮತ್ತೆ ಬರುವುದಿಲ್ಲ. ಇವತ್ತೇ ಮಗುವಿನ ಬಾಯಿ ತೆಗೆಸಿ, ಹಿಂದಿನ ಹಲ್ಲು ನೋಡಿ.

ದೊಡ್ಡ ಮಕ್ಕಳಿಗೆ ತಲೆಯ ಲೆಕ್ಕ ಕೊಡುತ್ತೇನೆ. ಹುಟ್ಟಿದ ಕೂಸಿನ ಉದ್ದದಲ್ಲಿ ತಲೆ ನಾಲ್ಕರಲ್ಲೊಂದು ಭಾಗ, ಬೆಳೆದವರಲ್ಲಿ ಏಳೂವರೆ, ಎಂಟರಲ್ಲೊಂದು. ಗೋಡೆಗೆ ಒರಗಿ ನಿಂತು, ಗಲ್ಲಕ್ಕೊಂದು ನೆತ್ತಿಗೊಂದು ಸುಣ್ಣದ ಗುರುತು ಹಾಕಿ ಅಳೆಯುತ್ತಾರೆ. ಒಂಬತ್ತು ವರ್ಷದವರು ಈ ಎರಡರ ನಡುವೆ ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಅವರೇ ಕಂಡುಹಿಡಿಯಲಿ, ಉತ್ತರ ನಾನು ಇಲ್ಲಿ ಬರೆಯುವುದಿಲ್ಲ.

ಕನ್ನಡದಲ್ಲಿ ಲೆಕ್ಕ ಕಲಿತ್ರೆ ಮುಂದೆ ತೊಂದರೆ ಆಗಲ್ವಾ?

ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದಿಟ್ಟ. ಭಾಷೆಗೆ ಶಕ್ತಿ ಸಾಲದು ಅನ್ನುವ ಮಾತೇ ಇಲ್ಲ. ಕನ್ನಡದ ಎಣಿಕೆ ಬಹಳ ನೇರ: ಇಪ್ಪತ್ತು ಮೂರು ಸೇರಿ ಇಪ್ಪತ್ತಮೂರು.

ಒಂದೇ ಕಡೆ ಎಡವುತ್ತಾರೆ. ಐವತ್ತೊಂಬತ್ತು ಅಂತ ನಿಧಾನವಾಗಿ ಹೇಳಿ ನೋಡಿ. ಕೊನೆಯಲ್ಲಿ "ತೊಂಬತ್ತು" ಕೇಳಿಸುತ್ತದೆ. ಪುಟ್ಟ ಮಕ್ಕಳು ಇಪ್ಪತ್ತೊಂಬತ್ತು, ಎಪ್ಪತ್ತೊಂಬತ್ತು ಬಂದಾಗಲೆಲ್ಲ 9 ಮೊದಲು ಬರೆದುಬಿಡುವುದು, ಎಣಿಸುತ್ತಾ ತೊಂಬತ್ತಕ್ಕೆ ಹಾರುವುದು ಇದಕ್ಕೇ ಅಂತ ನನ್ನ ಅನುಭವ. ದಡ್ಡತನ ಅಲ್ಲ, ಕಿವಿ ಕೇಳಿದ್ದನ್ನು ಕೈ ಬರೆಯುತ್ತದೆ. "ಐವತ್ತು... ಒಂಬತ್ತು" ಅಂತ ಬಿಡಿಸಿ ಹೇಳಿ, ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಬಿಡಿ ಒಂಬತ್ತು ಕೈಗೆ ಕೊಡಿ. ವಾರದಲ್ಲಿ ಸರಿಹೋಗುತ್ತದೆ.

ನಾಡಿ ನೋಡೋದನ್ನ ಕಲಿಸ್ತೀರಂತೆ, ಅದು ಡಾಕ್ಟರ್ ಕೆಲಸ ಅಲ್ವಾ?

ಕಾಯಿಲೆ ಹೇಳುವುದು ಡಾಕ್ಟರ ಕೆಲಸ. ಎಣಿಸುವುದು ಎಲ್ಲರದೂ.

ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಕೆಳಗೆ ಮಣಿಕಟ್ಟಿನ ಅಂಚಿನಲ್ಲಿ ಎರಡು ಬೆರಳಿಟ್ಟರೆ ಸಿಗುತ್ತದೆ. ಹೆಬ್ಬೆರಳಿಂದ ನೋಡಬಾರದು, ಅದಕ್ಕೆ ತನ್ನದೇ ಮಿಡಿತವಿದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ಭಾನುವಾರ ಐದನೇ ತರಗತಿಯ ಹುಡುಗನಿಗೆ ಕೂತಾಗ 22 ಬಂತು, ನಿಮಿಷಕ್ಕೆ 88. ತೋಟದ ಅಂಚಿನ ತನಕ ಓಡಿ ಬಂದ ಮೇಲೆ 36, ಅಂದರೆ 144. ಎರಡು ನಿಮಿಷ ಸುಮ್ಮನೆ ಕೂತ ಮೇಲೆ 27. ಮೂರನ್ನೂ ಚೌಕುಳಿ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದಾಗ, ನಕ್ಷೆ ಅಂದರೆ ಏನು ಅನ್ನುವುದು ಬೇರೆ ಹೇಳಬೇಕಾಗಲಿಲ್ಲ. ಅವನ ತಂಗಿ ಅದೇ ಕೈ ಹಿಡಿದು ಎಣಿಸಿ 23 ಅಂದಳು. ಒಂದೇ ಒಂದು ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ಹಾಗಾದರೆ ಪೂರಾ ನಿಮಿಷ ಎಣಿಸುವುದು ಒಳ್ಳೆಯದಾ? ಈ ಪ್ರಶ್ನೆ ಅವರಿಂದಲೇ ಬಂತು.

ದೊಡ್ಡವರ ಹೃದಯ ನಿಮಿಷಕ್ಕೆ 72 ಅಂತಿಟ್ಟುಕೊಂಡರೆ ದಿನಕ್ಕೆ 1,03,680 ಸಲ ಬಡಿಯುತ್ತದೆ. ಸಕ್ರೆಬೈಲಿನ ಬಿಡಾರದಲ್ಲಿ ನೋಡಿದ ಆನೆಯದು ನಿಮಿಷಕ್ಕೆ 30ರ ಆಸುಪಾಸು. ದಿನಕ್ಕೆ ಎಷ್ಟಾಯಿತು ಅಂತ ಮನೆಲೆಕ್ಕ ಕೊಡುತ್ತೇನೆ.

ಗೇಣು, ಮೊಳ ಯಾಕೆ ಈಗ? ಸ್ಕೇಲ್ ಇದೆಯಲ್ಲ.

ಸ್ಕೇಲು ಯಾಕೆ ಬೇಕಾಯಿತು ಅಂತ ಗೊತ್ತಾಗಲಿಕ್ಕೆ. ಆರು ಮಕ್ಕಳಿಗೆ ಒಂದೇ ಮಣೆಯನ್ನು ಗೇಣಿನಿಂದ ಅಳೆಯಲು ಹೇಳಿದರೆ ಆರು ಉತ್ತರ ಬರುತ್ತದೆ, ಸಣ್ಣ ಜಗಳವೂ ಆಗುತ್ತದೆ. ಆಗ ಸ್ಕೇಲು ಕೊಡಿ. ಎರಡು ಕೈ ಚಾಚಿದ ಮಾರು ಹೆಚ್ಚುಕಡಿಮೆ ಅವರವರ ಎತ್ತರದಷ್ಟೇ ಇರುತ್ತದೆ, ತೊಡೆಮೂಳೆ ಎತ್ತರದ ಕಾಲುಭಾಗದಷ್ಟು. ಅಳೆದು ನೋಡಲಿ. ದೊಡ್ಡ ಮಕ್ಕಳನ್ನು ತೋಟಕ್ಕೇ ಕರೆದೊಯ್ಯಿರಿ: ಒಂಬತ್ತು ಅಡಿಗೊಂದು ಅಡಿಕೆ ಗಿಡ ಇಟ್ಟರೆ ಒಂದಕ್ಕೆ 81 ಚದರಡಿ, ಎಕರೆಗೆ 43,560 ಚದರಡಿ, ಗಿಡ ಎಷ್ಟು? 537 ಬರುತ್ತದೆ. ತೋಟದಲ್ಲಿ ಎಣಿಸಿದರೆ ಯಾಕೆ ಅಷ್ಟಿಲ್ಲ ಅಂತ ಅಪ್ಪನನ್ನು ಕೇಳಲಿ. ಕಪ್ಪು (ತೋಟದ ತೋಡು), ಬಸಿಗಾಲುವೆ, ದಾರಿ ಎಲ್ಲ ಆಗ ನೆನಪಾಗುತ್ತದೆ.

ಶೇಕಡಾ ಲೆಕ್ಕಕ್ಕೆ ಮೈಯಲ್ಲಿ ಏನಿದೆ?

ಚರ್ಮ. ಸುಟ್ಟಗಾಯ ಎಷ್ಟಾಗಿದೆ ಅಂತ ಅಂದಾಜು ಮಾಡಲು ಡಾಕ್ಟರುಗಳು ಒಂಬತ್ತರ ಲೆಕ್ಕ ಇಟ್ಟುಕೊಂಡಿದ್ದಾರೆ. ದೊಡ್ಡವರಲ್ಲಿ ತಲೆ, ಕುತ್ತಿಗೆ ಸೇರಿ 9, ಒಂದೊಂದು ಕೈ 9, ಎದೆ ಹೊಟ್ಟೆ 18, ಬೆನ್ನು 18, ಒಂದೊಂದು ಕಾಲು 18, ತೊಡೆಸಂದಿಗೆ 1. ಕೂಡಿಸಿ, ಸರಿಯಾಗಿ ನೂರು. ಬೆರಳು ಸೇರಿ ಅವರವರ ಅಂಗೈ ಒಂದು ಪರ್ಸೆಂಟಿನಷ್ಟು. ಎಳೆಮಕ್ಕಳಲ್ಲಿ ತಲೆಯ ಪಾಲು ಹೆಚ್ಚು, ಕಾಲಿನದು ಕಡಿಮೆ. ತಲೆ ನಾಲ್ಕರಲ್ಲೊಂದು ಅಂದೆನಲ್ಲ, ಅದಕ್ಕೇ.

ಅಡಿಕೆ ಬೇಯಿಸುವ ಕಾಲದಲ್ಲಿ ಹಂಡೆಯ ಸುತ್ತ ಮಕ್ಕಳು ಓಡಾಡುತ್ತವೆ. ಈ ಪಾಠವನ್ನು ಕೊಯ್ಲಿಗೆ ಮೊದಲೇ ಮಾಡಿ, ಜೊತೆಗೆ ಹೇಳುತ್ತೇನೆ: ಬಿಸಿನೀರು, ಚೊಗರು (ಅಡಿಕೆ ಬೆಂದ ನೀರು) ಮೈಮೇಲೆ ಬಿದ್ದರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಪೇಸ್ಟು, ಶಾಯಿ, ಎಣ್ಣೆ ಯಾವುದೂ ಬೇಡ. ದೊಡ್ಡ ಗಾಯವಾದರೆ, ಮುಖ ಕೈ ಸುಟ್ಟರೆ ಆಸ್ಪತ್ರೆಗೆ ಹೊರಡಬೇಕು.

ಅಸ್ಥಿಪಂಜರದ ಚಿತ್ರ ನೋಡಿ ರಾತ್ರಿ ಹೆದರಿಕೊಂಡ್ರೆ?

ಚಿತ್ರದಿಂದ ಶುರು ಮಾಡಿದರೆ ಹೆದರುತ್ತಾರೆ. ತಮ್ಮ ಮೊಣಕೈಯಿಂದ ಶುರು ಮಾಡಿದರೆ ಹೆದರುವುದಿಲ್ಲ. ಹೊರಗಿಂದ ಮುಟ್ಟಿದ್ದನ್ನು ಆಮೇಲೆ ಚಿತ್ರದಲ್ಲಿ ಹುಡುಕಿದರೆ ಅದು ಗುರುತಿನವರ ಹಾಗೆ ಕಾಣುತ್ತದೆ.

ಮಾಂಸ ಮಾಡುವ ಮನೆಗಳಲ್ಲಿ ಭಾನುವಾರದ ಕೋಳಿಯೇ ಒಳ್ಳೆಯ ಪಾಠ. ಮೂಳೆಯ ತುದಿಗೆ ಬಿಳಿ ಮೆದುವಾಗಿ ಇರುವುದು ಮೃದ್ವಸ್ಥಿ, ಕಾಲಿನ ಪೀಸಿನಲ್ಲಿ ಹಿಡಿದು ತಿನ್ನುವ ಭಾಗ ನಮ್ಮ ಕಣಕಾಲಿಗೆ ಸಮ. ಕೋಳಿಯ ಮಂಡಿ ಹಿಂದಕ್ಕೆ ಮಡಚುತ್ತದೆ ಅಂದುಕೊಂಡಿದ್ದೀರಲ್ಲ, ಅದು ಅದರ ಮಂಡಿಯಲ್ಲ, ಹರಡು, ಅಂದರೆ ಪಾದದ ಮೇಲಿನ ಕೀಲು. ಮಂಡಿ ಮೇಲೆ ಪುಕ್ಕದೊಳಗಿದೆ. ಮಾಂಸ ತಿನ್ನದ ಮನೆಯ ಮಕ್ಕಳಿದ್ದಾಗ ಈ ಮಾತು ಎತ್ತುವ ಮೊದಲು ಅವರ ಮನೆಯವರನ್ನು ಕೇಳುತ್ತೇನೆ.

ಗುಪ್ತ ಅಂಗಗಳ ವಿಷಯ ಬಂದ್ರೆ ಏನ್ ಹೇಳ್ತೀರಿ?

ಮೂಗಿಗೆ ಮೂಗು ಅಂದಷ್ಟೇ ಸಹಜವಾಗಿ ಸರಿಯಾದ ಹೆಸರು ಹೇಳುತ್ತೇನೆ, ಅಪ್ಪ ಅಮ್ಮನ ಒಪ್ಪಿಗೆ ಪಡೆದು. ಹೆಸರು ಗೊತ್ತಿರುವ ಮಗು ತನಗೆ ಕೆಡುಕಾದರೆ ಏನಾಯಿತು ಅಂತ ಹೇಳಬಲ್ಲದು. ಅಲ್ಲಿ ಯಾರಾದರೂ ಮುಟ್ಟಿ, ಯಾರಿಗೂ ಹೇಳಬೇಡ ಅಂದರೆ ತಕ್ಷಣ ಮನೆಯಲ್ಲಿ ಹೇಳಬೇಕು, ತಪ್ಪು ಮಗುವಿನದಲ್ಲ, 1098ಕ್ಕೆ ಫೋನು ಮಾಡಬಹುದು. ಇಷ್ಟನ್ನು ಎಲ್ಲ ಮಕ್ಕಳಿಗೂ ಕಲಿಸಿದ್ದೇನೆ. ಇದರಲ್ಲಿ ನಾಚಿಕೆ ಇಟ್ಟುಕೊಳ್ಳಬೇಡಿ, ಕೈಮುಗಿದು ಕೇಳುತ್ತೇನೆ.

ನಮ್ಮಂಥ ದೊಡ್ಡೋರು ಅಂಗರಚನೆ ಕಲೀಬೇಕಾದ್ರೆ ಎಲ್ಲಿಂದ ಶುರು ಮಾಡ್ಬೇಕು?

ನರ್ಸಿಂಗ್‌ಗೆ ಸೇರುವ ಮಕ್ಕಳು, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ಇದನ್ನು ಹೆಚ್ಚು ಕೇಳುತ್ತಾರೆ. ಪುಸ್ತಕ ತೆರೆಯುವ ಮೊದಲು ಕನ್ನಡಿ ಮುಂದೆ ನಿಲ್ಲಿ. ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಲಿವರ್, ಒಂದೂವರೆ ಕೆ.ಜಿ.ಯಷ್ಟು. ಎಡಗಡೆ ಜಠರ, ಅದರ ಹಿಂದೆ ಮೇಲೆ ಗುಲ್ಮ (ಸ್ಪ್ಲೀನ್). ಹೃದಯ ಎದೆಯ ನಡುವೆ, ತುದಿ ಮಾತ್ರ ಎಡಕ್ಕೆ, ಗಾತ್ರ ನಿಮ್ಮ ಮುಷ್ಟಿಯಷ್ಟು. ಕಿಡ್ನಿ ಹಿಂಬದಿಗೆ, ಬಹಳ ಜನ ಅಂದುಕೊಂಡದ್ದಕ್ಕಿಂತ ಮೇಲೆ, ಕೊನೆಯ ಪಕ್ಕೆಲುಬಿನ ಮಟ್ಟದಲ್ಲಿ. ಬಲ ಪುಪ್ಪುಸಕ್ಕೆ ಮೂರು ಭಾಗ, ಎಡದ್ದಕ್ಕೆ ಎರಡು, ಹೃದಯಕ್ಕೆ ಜಾಗ ಬಿಡಬೇಕಲ್ಲ.

ಹೆಸರುಗಳಿಗೆ ಹೆದರಬೇಡಿ. ಲ್ಯಾಟಿನ್, ಗ್ರೀಕ್ ಹೆಸರುಗಳಲ್ಲಿ ಎಷ್ಟೋ ಮನೆಬಳಕೆಯ ಮಾತುಗಳೇ. ಪಟೆಲ್ಲಾ ಅಂದರೆ ಪುಟ್ಟ ತಟ್ಟೆ, ನಾವು ಮಂಡಿಚಿಪ್ಪು ಅಂದೆವು. ಕಣಕಾಲಿನ ಟಿಬಿಯಾ ಅಂದರೆ ಕೊಳಲು. ಹೆಗಲಿನ ಮುಂದಿರುವ ಕ್ಲಾವಿಕಲ್ ಅಂದರೆ ಪುಟ್ಟ ಕೀಲಿಕೈ. ಕಿವಿಯೊಳಗಿನ ಕಾಕ್ಲಿಯಾ ಅಂದರೆ ಬಸವನಹುಳು, ಮಳೆಗಾಲದಲ್ಲಿ ನಮ್ಮ ಗೋಡೆ ಮೇಲೆ ಹತ್ತುತ್ತದಲ್ಲ, ಅದರ ಚಿಪ್ಪಿನ ಸುರುಳಿಯೇ. ದಿನಕ್ಕೆ ಒಂದು ಮೂಳೆ, ಅದರ ಚಿತ್ರ ನಿಮ್ಮ ಕೈಯಲ್ಲೇ ಬರೆಯಬೇಕು, ಚೆಂದ ಇಲ್ಲದಿದ್ದರೂ ಸರಿ. ಬರೆಯದೆ ನೋಡಿದ್ದು ಎರಡು ದಿನಕ್ಕೆ ಮರೆತುಹೋಗುತ್ತದೆ, ನನಗೆ ಹಾಗೇ ಆಯಿತು.

ನವೋದಯ ಪರೀಕ್ಷೆಗೆ ಇದರಿಂದ ಉಪಯೋಗ ಇದೆಯಾ?

ಗಾಜನೂರಿನ ನವೋದಯಕ್ಕೆ ಐದನೇ ತರಗತಿಯಲ್ಲಿ ಬರೆಯುವ ಪರೀಕ್ಷೆಯಲ್ಲಿ ಎರಡು ಗಂಟೆಗೆ 80 ಪ್ರಶ್ನೆ, ಅದರಲ್ಲಿ 20 ಅಂಕಗಣಿತದ್ದು. ಭಿನ್ನರಾಶಿ, ಶೇಕಡಾ ಗಟ್ಟಿಯಾದವರಿಗೆ ಖಂಡಿತ ಅನುಕೂಲ. ಆದರೆ ಹಳೆಯ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟುಕೊಂಡು ಬಿಡಿಸುವ ಅಭ್ಯಾಸ ಬೇರೆಯಾಗಿ ಬೇಕು, ಅದನ್ನು ನಾನು ಮಾಡಿಸುವುದಿಲ್ಲ.

ದಿನಾ ಎಷ್ಟು ಹೊತ್ತು ಕೂರಿಸ್ಬೇಕು?

ಸಣ್ಣವರಿಗೆ ಹದಿನೈದು ನಿಮಿಷ, ಐದನೇ ತರಗತಿ ದಾಟಿದವರಿಗೆ ಅರ್ಧ ಗಂಟೆ. ದಿನಾ.

ಗಣಿತದ ಟೆಸ್ಟ್ ದಿನ ಹೊಟ್ಟೆನೋವು ಅಂತಾನೆ. ನಾಟಕ ಇರ್ಬೋದಾ?

ಹೆಚ್ಚಿನ ಸಲ ನಾಟಕವಲ್ಲ. ಹೆದರಿಕೆಯಾದಾಗ ಕಿಡ್ನಿಯ ನೆತ್ತಿ ಮೇಲಿರುವ ಸಣ್ಣ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಹೊಟ್ಟೆಯ ಕಡೆಯ ರಕ್ತ ಮಾಂಸಖಂಡಗಳ ಕಡೆಗೆ ತಿರುಗುತ್ತದೆ. ಹೊಟ್ಟೆ ಹಿಂಡಿದ ಹಾಗಾಗುವುದು ನಿಜ. ಹೀಗಂತ ಆರನೇ ತರಗತಿಯ ಹುಡುಗನೊಬ್ಬನಿಗೆ ಬಿಡಿಸಿ ಹೇಳಿದೆ. ಮುಂದಿನ ಟೆಸ್ಟಿನ ಬೆಳಿಗ್ಗೆ ಅವನು ತನ್ನ ನಾಡಿ ತಾನೇ ಎಣಿಸಿ, ಪುಸ್ತಕದ ಹಿಂದೆ 112 ಅಂತ ಬರೆದುಕೊಂಡು, ನಿಧಾನ ಉಸಿರಾಡಿ, ಮತ್ತೆ ಎಣಿಸಿ 96 ಅಂತ ಬರೆದಿದ್ದ. ಪರೀಕ್ಷೆ ಹೇಗಾಯಿತು ಅಂತ ಕೇಳುವ ಮೊದಲೇ ಆ ಎರಡು ಸಂಖ್ಯೆ ತಂದು ತೋರಿಸಿದ.

ಬೈಯುವುದು, ಅಣ್ಣ ಅಕ್ಕನ ಜೊತೆ ಹೋಲಿಸುವುದು ನಿಲ್ಲಿಸಿ. ಎಷ್ಟು ಕಲಿಸಿದರೂ ಯಾವುದು ದೊಡ್ಡದು ಯಾವುದು ಚಿಕ್ಕದು ಅನ್ನುವುದೇ ಹಿಡಿತಕ್ಕೆ ಸಿಗದಿದ್ದರೆ ಡಿಸ್ಕ್ಯಾಲ್ಕುಲಿಯಾ ಅನ್ನುವ ತೊಡಕಿರಬಹುದು. ಮಕ್ಕಳ ಡಾಕ್ಟರಿಗೆ ತೋರಿಸಿ. ಹೊಟ್ಟೆನೋವು ರಜೆಯ ದಿನವೂ ಬಂದರೆ ಅದನ್ನೂ ತೋರಿಸಿ.

ಟೀಚರ್, ನಿಮ್ಮ ಮನೆಯವರು ಈಗ ಹೆಂಗಿದ್ದಾರೆ?

ಎಲ್ಲರೂ ಕೇಳುತ್ತಾರೆ, ಅದಕ್ಕೇ ಇದನ್ನೂ ಬರೆದೆ. ಜಗಲಿಯ ಮೆಟ್ಟಿಲಿನಿಂದ ಬೇಲಿಯ ಉಣುಗೋಲಿನ (ಗೇಟಿನ) ತನಕ 22 ಮೀಟರ್. ಆಪರೇಷನ್ ಆಗಿ ವಾಕರ್ ಹಿಡಿದು ಮೊದಲ ಸಲ ಅಷ್ಟು ದೂರ ನಡೆದಾಗ ಮಕ್ಕಳು ಹಿಂದೆ ಹಿಂದೆ ಎಣಿಸುತ್ತಾ ಹೋದರು: 88 ಹೆಜ್ಜೆ. ಹೆಜ್ಜೆಗೆ 25 ಸೆಂಟಿಮೀಟರ್ ಅಂತ ಗೋಡೆ ಮೇಲೆ ಬರೆದರು. ಆಮೇಲೆ ಪ್ರತಿ ಭಾನುವಾರ ಪಾಠಕ್ಕೆ ಮೊದಲು ಅಜ್ಜನ ಹೆಜ್ಜೆ ಎಣಿಸುವುದು ರೂಢಿಯಾಯಿತು. ಕಳೆದ ವಾರ ಕೋಲು ಊರಿಕೊಂಡು 53 ಹೆಜ್ಜೆ. 41 ಸೆಂಟಿಮೀಟರ್ ಅಂತ ನಾನು ಬರೆದರೆ, ಲಂಗದಲ್ಲಿ ಕೈ ಬಚ್ಚಿಟ್ಟುಕೊಳ್ಳುತ್ತಿದ್ದ ಹುಡುಗಿ ಬಂದು "41 ಅಲ್ಲ ಟೀಚರಜ್ಜಿ, ಮೇಲೆ ಅರ್ಧ ಇದೆ" ಅಂತ ಸುಣ್ಣದ ಕಡ್ಡಿ ಇಸಿದುಕೊಂಡು ತಿದ್ದಿದಳು.